ಎಪ್ಪತ್ತಾರರ ಆಟಗಾರ್ತಿ

ಹದಿನಾರು ತುಂಬದ ಮಕ್ಕಳಿಗೆ
ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆಟ ಬಂದ್
ಎಂದು ಕಾನೂನು ಬಂದ ಚಳಿಗಾಲ
ನನ್ನ ಕೆಲಸ ಎಣಿಸುವುದು.
ಬೂಸಾನಿನ ಕಚೇರಿಯ ಮೂರನೇ ಮಹಡಿ,
ಕೆಟ್ಟ ಹೀಟರಿನ ಪಕ್ಕದ ಮೇಜು,
ಪಟ್ಟಿಯ ಮೇಲೆ ಪಟ್ಟಿ.

ಅದರಲ್ಲೊಂದು ದಿನ ಸಿಕ್ಕಿದಳು ಮಾ ಬೊಕ್‌ಸುನ್.
ವಯಸ್ಸು ಎಪ್ಪತ್ತಾರು. ಯೊಂಗ್‌ದೋ ದ್ವೀಪ.
ಹನ್ನೆರಡು ಗಂಟೆ ಎರಡು ನಿಮಿಷಕ್ಕೆ ಒಳಹೊಕ್ಕು
ನಾಲ್ಕರ ತನಕ ರಾಕ್ಷಸರನ್ನು ಕಡಿಯುವಾಕೆ,
ವಾರಕ್ಕೆ ಆರು ರಾತ್ರಿ.
ಭಾನುವಾರ ರಜೆ.

ಮೇಲಧಿಕಾರಿ ನಕ್ಕರು: ಹೋಗಿ ನೋಡಿ ಬನ್ನಿ.
ಹಾನಿ ಉಂಟೋ ಇಲ್ಲವೋ, ಸಮಿತಿಗೆ
ಒಂದು ಸಾಲಿನಲ್ಲಿ ಬೇಕಂತೆ.
ಸಮಿತಿಯಲ್ಲಿ ಇಬ್ಬರು ಡಾಕ್ಟರು, ಒಬ್ಬ ಪಾದ್ರಿ,
ಆಟದ ಕಂಪನಿಯ ವಕೀಲ.
ಹಾವೂ ಸಾಯಬಾರದು, ಕೋಲೂ ಮುರಿಯಬಾರದು;
ಹಾವು ಯಾವುದೆಂಬುದು ಮಾತ್ರ
ಮುಂದಿನ ಸಭೆಗೆ.

ಬಂದರಿನ ಹಿಂದೆ ಏರು.
ಮೆಟ್ಟಿಲೆಣಿಸುತ್ತ ಹತ್ತಿದೆ, ಅರವತ್ತಕ್ಕೆ ತಪ್ಪಿತು.
ಬಾಗಿಲು ತಟ್ಟಿದೆ. ತಟ್ಟಿದೆ. ತಟ್ಟಿದೆ.
ಪಕ್ಕದ ಮನೆಯಾಕೆ ಇಣುಕಿ ಅಂದಳು:
ಆಕೆಗೆ ಕೇಳಿಸದು. ನೆಲ ಗುದ್ದಿ,
ಪಾದಕ್ಕೆ ಕೇಳುತ್ತದೆ.
ಗುದ್ದಿದೆ. ಬಂದಳು.

ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಹಲಗೆಯೊಂದರ ಮೇಲೆ ಹಗ್ಗಕ್ಕೆ ನೇತುಬಿದ್ದು
ಹಡಗುಗಳ ಮೈಯ ತುಕ್ಕು ಉದುರಿಸಿದ ಸುತ್ತಿಗೆಯವಳು.
ಕಾಂಗ್ ಕಾಂಗ್ ಕಾಂಗ್.
ಕಬ್ಬಿಣ ತನ್ನದೊಂದು ಸದ್ದನ್ನು ಅವಳೊಳಗೆ ಬಿಟ್ಟು
ಉಳಿದೆಲ್ಲವನ್ನೂ ಹೊತ್ತುಕೊಂಡು ಸಮುದ್ರಕ್ಕಿಳಿದಿತ್ತು.

ಕಾಗದದ ಮೇಲೆ ಬರೆದು ಕೇಳಿದೆ:
ಅಜ್ಜಿ, ನೀವು ಆಟ ಆಡುತ್ತೀರಾ?
ಅವಳು ಒಳಕೋಣೆಯತ್ತ ನೋಡಿದಳು.
ಅಲ್ಲಿ ಸಂಗ್ಯು, ಹದಿನೈದು,
ಶಾಲೆಯ ಅಂಗಿಯಲ್ಲೇ ಮೇಜಿಗೆ ತಲೆಯಿಟ್ಟು ನಿದ್ದೆ,
ಕೆನ್ನೆಗೆ ಕೀಬೋರ್ಡಿನ ಅಚ್ಚು,
ಪರದೆಯ ಅಂಚಿಗೆ ಅಂಟಿಸಿದ ಅಜ್ಜಿಯ ಗುರುತಿನ ಚೀಟಿ.

ಆಡುತ್ತೇನೆ, ಅಂದಳು ಗಟ್ಟಿ ದನಿಯಲ್ಲಿ. ದಿನಾ.
ಯಾವ ಆಟ?
ಅದೇ… ಹೊಡೆಯುವುದು.
ತನ್ನ ಮಾತಿಗೆ ತಾನೇ ನಕ್ಕು
ಬಲಗೈ ಎತ್ತಿ ಇಳಿಸಿ ತೋರಿಸಿದಳು.
ಕೈಗೆ ಇನ್ನೂ ನೆನಪಿತ್ತು ಆ ತೂಕ.

ಬಾರ್ಲಿ ನೀರು ಕೊಡಲು ಬಗ್ಗಿದಾಗ ಕಂಡಿತು
ಸೊಂಟಕ್ಕೆ ಬಿಗಿದ ಪಟ್ಟಿ.
ಉತ್ತರ ಕೊಟ್ಟವನು ಹುಡುಗ, ಯಾವಾಗಲೋ ಎದ್ದಿದ್ದ:
ಬಚ್ಚಲಲ್ಲಿ ಜಾರಿದಳು. ಹೋದ ತಿಂಗಳು, ನಡುರಾತ್ರಿ.
ನಾನು ಎಚ್ಚರ ಇದ್ದೆ, ಅದಕ್ಕೇ ಗೊತ್ತಾಯ್ತು.
ಬರೆದುಕೊಂಡೆ.
ಸ್ವಲ್ಪ ಹೊತ್ತು ಬಿಟ್ಟು:
ಹೆಡ್‌ಫೋನ್ ಹಾಕಿದ್ದೆ.
ಎರಡೂವರೆಯಿಂದ ನೆಲ ಗುದ್ದುತ್ತಿದ್ದಳಂತೆ.
ಮೂರಕ್ಕೆ ನಾನು ಸತ್ತೆ, ಆಟದಲ್ಲಿ;
ನೀರು ಕುಡಿಯೋಣ ಅಂತ ಎದ್ದೆ.

ಅವನ ತುಟಿಯನ್ನೇ ನೋಡುತ್ತಿದ್ದ ಅಜ್ಜಿ
ಏನಂದ? ಎಂದಳು.
ನೀರು ಕುಡಿಯಲು ಎದ್ದನಂತೆ, ಎಂದು ಬರೆದೆ.
ಹೂಂ, ನೀರು ಕುಡಿಯುತ್ತಾನೆ. ಒಳ್ಳೇ ಹುಡುಗ.

ನಮೂನೆಯಲ್ಲಿ ಎರಡೇ ಚೌಕ.
ಆ ಅರ್ಧ ಗಂಟೆಯನ್ನು ಯಾವುದರಲ್ಲಿ ಕೂರಿಸಲಿ?

ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಅಂದಳು:
ಸುತ್ತಿಗೆಯಿಂದ ಕೇಡುಂಟೇ ಅಂತ ಕೇಳಲು
ಯಾರೂ ಈ ಮೆಟ್ಟಿಲು ಹತ್ತಿರಲಿಲ್ಲ.
ನಾನು ತಲೆ ತಗ್ಗಿಸಿದೆ.
ಕೇಳಿದ್ದರೂ ಇಲ್ಲ ಅನ್ನುತ್ತಿದ್ದೆ, ಅಂದಳು.
ಮನೆಗೆ ಅಕ್ಕಿ ಬೇಕಿತ್ತು.

ಮಾ ಬೊಕ್‌ಸುನ್, ಎಪ್ಪತ್ತಾರು, ವಯಸ್ಕರು.
ನಿಯಮ ಮೀರಿಲ್ಲ. ಸಹಿ ಹಾಕಿದೆ.
ಸಮಿತಿ ಸೇರಿತು, ಚಹಾ ಕುಡಿಯಿತು, ಮತ್ತೆ ಸೇರಲು ಎದ್ದಿತು.

ಮುಂದಿನ ವಾರದ ಪಟ್ಟಿ ಬಂದಾಗ
ಮೊದಲು ಅವಳನ್ನೇ ಹುಡುಕಿದೆ.
ಹನ್ನೆರಡು ಗಂಟೆ ಎರಡು ನಿಮಿಷ: ಒಳಗೆ.
ಹನ್ನೆರಡೂವರೆ: ಹೊರಗೆ, ಎರಡು ನಿಮಿಷ.
ಒಂದಕ್ಕೆ ಹೊರಗೆ. ಒಂದೂವರೆಗೆ ಹೊರಗೆ.
ಎರಡಕ್ಕೆ, ಎರಡೂವರೆಗೆ,
ನಾಲ್ಕರ ತನಕ ಹೀಗೇ.

ನೀರು ಕುಡಿಯಲೂ ಇರಬಹುದು.